ಟ್ರೀ ಶ್ರೂವಿನ ಮಿದುಳು ಕೋತಿಯದನ್ನು ಹೋಲುತ್ತದೆಯೋ, ಅಳಿಲಿನದನ್ನೋ?

ಹಳೆಯ ಪಠ್ಯಪುಸ್ತಕವೊಂದರಲ್ಲಿ ಟ್ರೀ ಶ್ರೂವನ್ನು ಕೋತಿ, ಕಾಡುಪಾಪಗಳ ಜೊತೆಗೆ ಮನುಷ್ಯನೂ ಸೇರಿರುವ ಪ್ರೈಮೇಟ್ ಗಣದಲ್ಲಿ ಕಂಡಿದ್ದೀರಿ. ಹೊಸ ಪುಸ್ತಕದಲ್ಲಿ ಅದು ಅಲ್ಲಿಲ್ಲ. ಹಾಗಾದರೆ ಅದರ ಮಿದುಳು ಯಾರದನ್ನು ಹೋಲುತ್ತದೆ, ದೇಹದ ತೂಕಕ್ಕೆ ಹೋಲಿಸಿದರೆ ಅದು ಮನುಷ್ಯನ ಮಿದುಳಿಗಿಂತ ದೊಡ್ಡದು ಎಂಬ ಮಾತು ನಿಜವೇ ಎಂದು ಕೇಳಿದ್ದೀರಿ. ಕಾಲೇಜಿನಲ್ಲಿ ಹಲವು ವರ್ಷ ಪ್ರಾಣಿಶಾಸ್ತ್ರ ಕಲಿಸಿದ ನನಗೆ ಈ ಪ್ರಶ್ನೆ ಹಳೆಯ ಪರಿಚಯ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ದೃಷ್ಟಿಗೆ ಸಂಬಂಧಿಸಿದ ಭಾಗಗಳನ್ನು ನೋಡಿದರೆ ಕೋತಿಯ ನೆನಪಾಗುವುದು ಸಹಜ, ಆದರೆ ನರತಂತುಗಳು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತವೆ ಎಂದು ಹಿಂಬಾಲಿಸಿದರೆ ಆ ಹೋಲಿಕೆ ಬಹುಪಾಲು ಸಡಿಲವಾಗುತ್ತದೆ.

ಹೆಸರಿನಲ್ಲಿ 'ಶ್ರೂ' ಇದ್ದರೂ ಇದಕ್ಕೂ ನಮ್ಮ ಮನೆಗಳ ಸುಂಡಿಲಿಗೂ ಹತ್ತಿರದ ಸಂಬಂಧವಿಲ್ಲ. ಕಾಣಲು ಮೂತಿ ಚೂಪಾದ ಅಳಿಲು. 'ಟುಪಾಯಾ' ಎಂಬ ಕುಲನಾಮವೂ ಅಳಿಲಿಗೆ ಮಲಯ ಭಾಷೆಯಲ್ಲಿರುವ 'ತುಪಾಯ್' ಎಂಬ ಪದದಿಂದಲೇ ಬಂದಿದೆ. ಹೆಚ್ಚಿನ ಜಾತಿಗಳು ಆಗ್ನೇಯ ಏಷ್ಯಾದ ಕಾಡುಗಳಲ್ಲಿವೆ. ಭಾರತದಲ್ಲಿ ಮೂರು ಜಾತಿಗಳಿವೆ: ಈಶಾನ್ಯದಲ್ಲಿ ಒಂದು, ನಿಕೋಬಾರ್ ದ್ವೀಪಗಳಲ್ಲಿ ಒಂದು, ದಕ್ಷಿಣದ ಬೆಟ್ಟಗಾಡುಗಳಲ್ಲಿ ಮದ್ರಾಸ್ ಟ್ರೀ ಶ್ರೂ ಎಂದು ಕರೆಯುವ ಅನಥಾನಾ.

ಇದನ್ನು ಪ್ರೈಮೇಟುಗಳ ಸಾಲಿಗೆ ತಂದವರಲ್ಲಿ ಮುಖ್ಯರು ಬ್ರಿಟಿಷ್ ಅಂಗರಚನಾ ವಿಜ್ಞಾನಿ ಲೆ ಗ್ರೋಸ್ ಕ್ಲಾರ್ಕ್. ಬೋರ್ನಿಯೋದ ಸರಾವಾಕ್‌ನಲ್ಲಿ ವೈದ್ಯಾಧಿಕಾರಿಯಾಗಿದ್ದ ಅವರು 1920ರ ದಶಕದಲ್ಲಿ ಈ ಪ್ರಾಣಿಗಳ ಮಿದುಳನ್ನೂ ತಲೆಬುರುಡೆಯನ್ನೂ ವಿವರವಾಗಿ ವರ್ಣಿಸಿದರು. ಅವರು ಕಂಡದ್ದು ಸುಳ್ಳಲ್ಲ. ಕಣ್ಣಿನ ಗೂಡಿನ ಹಿಂದೆ ಮೂಳೆಯ ಪೂರ್ಣ ಬಳೆಯಿದೆ, ಪ್ರೈಮೇಟುಗಳಲ್ಲಿ ಇರುವಂತೆಯೇ. ಮಿದುಳಿನ ಮೇಲ್ಮೈ ಹೆಚ್ಚುಕಡಿಮೆ ನುಣುಪಾಗಿದ್ದು, ಮಡಿಕೆಗಳಿಲ್ಲದಿದ್ದರೂ, ಹಿಂಭಾಗದ ದೃಷ್ಟಿ ಪ್ರದೇಶ ವಿಶಾಲವಾಗಿದೆ. ವಾಸನೆಯ ಗಡ್ಡೆಗಳು ಹೆಡ್ಜ್‌ಹಾಗ್ ಎಂಬ ಮುಳ್ಳಿಲಿಯಂತಹ ಕೀಟಾಹಾರಿಗಳಲ್ಲಿ ಇರುವಷ್ಟು ದೊಡ್ಡವಲ್ಲ. 1945ರಲ್ಲಿ ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಸಿಂಪ್ಸನ್ ತಮ್ಮ ಸಸ್ತನಿ ವರ್ಗೀಕರಣದಲ್ಲಿ ಟ್ರೀ ಶ್ರೂವನ್ನು ಪ್ರೈಮೇಟುಗಳೊಳಗೆ ಸೇರಿಸಿದ ಮೇಲೆ ಅದು ಪಾಠಗಳಲ್ಲಿ ನೆಲೆಯೂರಿತು. ನೀವು ನೋಡಿದ ಪುಸ್ತಕ ಬಹುಶಃ ಆ ಕಾಲದ ವಾರಸುದಾರ.

ತೊಡಕು ಇರುವುದು ಒಳಗಡೆ. ಅದಕ್ಕೆ ನಾನು ತರಗತಿಯಲ್ಲಿ ಕೊಡುತ್ತಿದ್ದ ಉದಾಹರಣೆ ಮಿದುಳಿನ ಒಳಭಾಗದ ಥಾಲಮಸ್‌ನಲ್ಲಿರುವ, ಕಣ್ಣಿನ ಸುದ್ದಿಯನ್ನು ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ಗೆ ದಾಟಿಸುವ ಜೆನಿಕ್ಯುಲೇಟ್ ಕೇಂದ್ರ. ನೇರಳೆ ಬಣ್ಣ ಹಾಕಿದ ತೆಳುಕೊಯ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಈರುಳ್ಳಿಯ ಎಸಳುಗಳಂತೆ ಒಂದರ ಪಕ್ಕ ಒಂದು ಬಾಗಿದ ಜೀವಕೋಶಗಳ ಪದರಗಳು, ಅವುಗಳ ನಡುವೆ ತೆಳುವಾದ ಬಿಳಿ ಗೆರೆಗಳು ಕಾಣುತ್ತವೆ. ಎಣಿಸಿದರೆ ಆರು. ಕೋತಿಯಲ್ಲೂ ಆರೇ! ಇಷ್ಟಕ್ಕೇ ನಿಲ್ಲಿಸಿದವರಿಗೆ ನಂಟಸ್ತಿಕೆ ಖಚಿತವೆಂದು ತೋರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಒಂದು ಕಣ್ಣಿಗೆ ಗುರುತು ಹಚ್ಚುವ ವಸ್ತುವನ್ನು ಚುಚ್ಚಿ, ಅದು ಯಾವ ಪದರಗಳನ್ನು ತಲುಪುತ್ತದೆ ಎಂದು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಟ್ರೀ ಶ್ರೂವಿನಲ್ಲಿ ಒಂದು ಮತ್ತು ಐದನೆಯ ಪದರಗಳು ಮಾತ್ರ ಅದೇ ಬದಿಯ ಕಣ್ಣಿನಿಂದ ನರಗಳನ್ನು ಪಡೆಯುತ್ತವೆ. ಉಳಿದ ನಾಲ್ಕೂ ಎದುರು ಬದಿಯ ಕಣ್ಣಿನವು. ಕೋತಿಯಲ್ಲಿ ಎರಡೂ ಕಣ್ಣುಗಳಿಗೆ ಮೂರು ಮೂರು ಪದರಗಳ ಸಮಪಾಲು. ಪದರಗಳ ಕೆಲಸದ ಹಂಚಿಕೆಯೂ ಬೇರೆ: ಟ್ರೀ ಶ್ರೂವಿನ ಒಂದು ಮತ್ತು ಎರಡನೆಯ ಪದರಗಳು ಬೆಳಕು ಹೆಚ್ಚಿದಾಗ ಸ್ಪಂದಿಸಿದರೆ, ನಾಲ್ಕು ಮತ್ತು ಐದನೆಯವು ಬೆಳಕು ಕಡಿಮೆಯಾದಾಗ ಸ್ಪಂದಿಸುತ್ತವೆ; ಕೋತಿಯಲ್ಲಿ ಪದರಗಳ ಮುಖ್ಯ ಭೇದ ದೊಡ್ಡ ಕೋಶಗಳು ಮತ್ತು ಸಣ್ಣ ಕೋಶಗಳ ನಡುವಿನದು. ಸಂಖ್ಯೆ ಒಂದೇ, ಸಂಸಾರ ಬೇರೆ. ತಲೆಬುರುಡೆಯಲ್ಲೂ ಇದೇ ಕಥೆ: ನಡುಗಿವಿಯನ್ನು ಮುಚ್ಚುವ ಗುಳ್ಳೆಯಾಕಾರದ ಮೂಳೆ ಎರಡರಲ್ಲೂ ಇದೆ, ಆದರೆ ಪ್ರೈಮೇಟುಗಳಲ್ಲಿ ಅದು ಒಳಗಿವಿಯ ಮೂಳೆಯ ಮುಂದುವರಿಕೆಯಾದರೆ, ಟ್ರೀ ಶ್ರೂವಿನಲ್ಲಿ ಪ್ರತ್ಯೇಕವಾಗಿ ಹುಟ್ಟುವ ಇನ್ನೊಂದು ಮೂಳೆ.

ದೃಷ್ಟಿಗೆ ಇಷ್ಟು ಮಹತ್ವ ಬಂದದ್ದು ಹಗಲಿನ ಬದುಕಿನಿಂದ ಎಂಬುದು ನನ್ನ ಅಭಿಪ್ರಾಯ. ಟುಪಾಯಾದ ಅಕ್ಷಿಪಟದಲ್ಲಿ ಬೆಳಕು ಗ್ರಹಿಸುವ ಕೋಶಗಳ ಪೈಕಿ ಶೇಕಡಾ 95ರಷ್ಟು ಹಗಲ ಬೆಳಕಿನಲ್ಲಿ ಕೆಲಸ ಮಾಡುವ ಶಂಕುಕೋಶಗಳು. ಹೆಚ್ಚಿನ ಸಸ್ತನಿಗಳಲ್ಲಿ ಇದು ತಲೆಕೆಳಗು. ನಡುಮಿದುಳಿನ ಮೇಲ್ಭಾಗದಲ್ಲಿರುವ ಸುಪೀರಿಯರ್ ಕಾಲಿಕ್ಯುಲಸ್ ಎಂಬ ದಿಬ್ಬಗಳೂ ಬಹಳ ದೊಡ್ಡವು, ಮತ್ತು ಈ ಲಕ್ಷಣದಲ್ಲಿ ಅಳಿಲೇ ಹತ್ತಿರ. ದೃಷ್ಟಿ ಕಾರ್ಟೆಕ್ಸನ್ನು ತೆಗೆದ ಮೇಲೂ ಟ್ರೀ ಶ್ರೂಗಳು ಆಕಾರಗಳನ್ನು ಗಮನಾರ್ಹವಾಗಿ ಗುರುತಿಸಬಲ್ಲವು ಎಂದು 1968ರಲ್ಲಿ ಸ್ನೈಡರ್ ಮತ್ತು ಡೈಮಂಡ್ ತೋರಿಸಿದರು. ಅದೇ ಹಾನಿಯಾದ ಕೋತಿಯ ದೃಷ್ಟಿ ಬಹಳ ಹೆಚ್ಚು ಕುಸಿಯುತ್ತದೆ.

ಹಾಗೆಂದು ಇದನ್ನು ಅಳಿಲಿನ ಪಕ್ಕಕ್ಕೆ ತಳ್ಳಿಬಿಡುವಂತೆಯೂ ಇಲ್ಲ. ಟ್ರೀ ಶ್ರೂವಿನ ಪ್ರಾಥಮಿಕ ದೃಷ್ಟಿ ಕಾರ್ಟೆಕ್ಸ್‌ನಲ್ಲಿ, ಗೆರೆಯೊಂದು ಯಾವ ಕೋನದಲ್ಲಿದೆ ಎಂಬುದಕ್ಕೆ ಸ್ಪಂದಿಸುವ ಕೋಶಗಳು ಗುಂಪುಗುಂಪಾಗಿ, ಗಾಳಿಪಂಕದ ರೆಕ್ಕೆಗಳಂತೆ ಒಂದು ಬಿಂದುವಿನ ಸುತ್ತ ಕ್ರಮವಾಗಿ ಜೋಡಣೆಗೊಂಡಿರುತ್ತವೆ. ಕೋತಿಯಲ್ಲಿ, ಬೆಕ್ಕಿನಲ್ಲಿ ಇದೇ ಜೋಡಣೆ. ಇಲಿಯಲ್ಲಿ, ಕಣ್ಣು ಅಷ್ಟು ಚುರುಕಾಗಿರುವ ಅಳಿಲಿನಲ್ಲೂ ಕೂಡ, ಅಂತಹ ಕೋಶಗಳು ಚೆಲ್ಲಿದ ಸಾಸಿವೆ ಜೀರಿಗೆಯಂತೆ ಬೆರೆತುಹೋಗಿರುತ್ತವೆ. ಆದರೆ ಮಕಾಕ್ ಕೋತಿಯಲ್ಲಿರುವ, ಎಡಗಣ್ಣು ಬಲಗಣ್ಣುಗಳಿಗೆ ಸರದಿಯಂತೆ ಮೀಸಲಾದ ಪಟ್ಟಿಗಳು ಟ್ರೀ ಶ್ರೂವಿನಲ್ಲಿಲ್ಲ. ಚಲನೆಯ ವಿಷಯಕ್ಕೆ ಬಂದರೆ, ಕಾರ್ಟೆಕ್ಸ್‌ನಿಂದ ಬೆನ್ನುಹುರಿಗೆ ಇಳಿಯುವ ಪ್ರಮುಖ ನರಮಾರ್ಗವು ಕೋತಿಯಲ್ಲಿ ಹುರಿಯೊಳಗೆ ಪಕ್ಕದ ಭಾಗದಲ್ಲಿ ಸಾಗಿದರೆ ಇದರಲ್ಲಿ, ಇಲಿಯಲ್ಲಿರುವಂತೆ, ಹಿಂಬದಿಯಲ್ಲಿ ಸಾಗುತ್ತದೆ. ಐದೂ ಬೆರಳುಗಳಿಗೆ ಉಗುರಿನ ಬದಲು ಚೂಪಾದ ನಖಗಳು, ಉಳಿದ ಬೆರಳುಗಳಿಗೆ ಎದುರಾಗಿ ಒತ್ತಲಾಗದ ಹೆಬ್ಬೆರಳು. ಕೈಯ ಕೌಶಲ ಕೋತಿಯದಲ್ಲ.

ಇಂದು ಟ್ರೀ ಶ್ರೂಗಳಿಗೆ ಸ್ಕಾಂಡೆಂಟಿಯಾ ಎಂಬ ಪ್ರತ್ಯೇಕ ಗಣವಿದೆ. 2013ರಲ್ಲಿ ಪ್ರಕಟವಾದ ಚೀನೀ ಟ್ರೀ ಶ್ರೂವಿನ ಜೀನೋಮ್ ಅದನ್ನು ಇಲಿ, ಅಳಿಲುಗಳಂತಹ ದಂಶಕಗಳಿಗಿಂತ ಪ್ರೈಮೇಟುಗಳ ಸಮೀಪ ಇಡುತ್ತದೆ. ಬೇರೆ ಕೆಲವು ವಿಶ್ಲೇಷಣೆಗಳು ಮೊಲ ಮತ್ತು ದಂಶಕಗಳ ಕಡೆಗೆ ಸರಿಸುತ್ತವೆ. ಸಮೀಪ ಎಂದರೆ ದಾಯಾದಿ ಎಂದಷ್ಟೇ. ಪ್ರೈಮೇಟುಗಳ ಪೂರ್ವಜ ಹೇಗಿತ್ತೆಂದು ತೋರಿಸುವ ಜೀವಂತ ಮಾದರಿ ಎಂದು ಯಾರಾದರೂ ಬರೆದಿದ್ದರೆ ನಂಬಬೇಡಿ.

ಕೊನೆಗೆ ಮಿದುಳಿನ ಗಾತ್ರದ ಪ್ರಶ್ನೆ. ಸಾಮಾನ್ಯ ಟುಪಾಯಾದ ಮಿದುಳು ಸುಮಾರು 3 ಗ್ರಾಂ, ದೇಹ 150ರಿಂದ 200 ಗ್ರಾಂ, ಅಂದರೆ ಶೇಕಡಾ 2ರ ಆಸುಪಾಸು. ಮನುಷ್ಯನದೂ ಶೇಕಡಾ 2ರಷ್ಟೇ. ತೀರ ಚಿಕ್ಕ ಜಾತಿಗಳಲ್ಲಿ ಅನುಪಾತ ಮನುಷ್ಯನದನ್ನು ಮೀರುವುದು ನಿಜ, ಆದರೆ ದೇಹ ಕುಗ್ಗಿದಷ್ಟೇ ಪ್ರಮಾಣದಲ್ಲಿ ಮಿದುಳು ಕುಗ್ಗುವುದಿಲ್ಲವಾದ್ದರಿಂದ ಸಣ್ಣ ಪ್ರಾಣಿಗಳಿಗೆಲ್ಲ ಈ ಲೆಕ್ಕದಲ್ಲಿ ಅನುಕೂಲವಿದೆ. ಪ್ರಯೋಗಶಾಲೆಯ 20 ಗ್ರಾಂ ತೂಕದ ಚಿಟ್ಟಿಲಿಗೂ 0.4 ಗ್ರಾಂ ಮಿದುಳಿರುತ್ತದೆ. ಭಾಗಿಸಿ ನೋಡಿ, ಅಲ್ಲೂ ಶೇಕಡಾ 2 ಸಿಗುತ್ತದೆ.