ಫ್ಯಾಟಿ ಲಿವರ್ ಇರುವ ಗರ್ಭಿಣಿ ಸಿರೋಸಿಸ್‌ಗೆ ಹೆದರಬೇಕೇ?

ಪ್ರಶ್ನೆ: ನನಗೆ 31 ವರ್ಷ, ಈಗ ಏಳನೇ ತಿಂಗಳು. ಮದ್ಯಪಾನದ ಅಭ್ಯಾಸವಿಲ್ಲದಿದ್ದರೂ ಎರಡು ವರ್ಷಗಳ ಹಿಂದೆ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಕಂಡುಬಂದಿತ್ತು. ಈಚಿನ ರಕ್ತಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಮಾತ್ರ ಹೆಚ್ಚಾಗಿದೆ. ಬಸಿರಿನಲ್ಲಿ ಇದು ಸಿರೋಸಿಸ್‌ಗೆ ತಿರುಗುತ್ತದೆ ಎಂದು ಪರಿಚಿತರೊಬ್ಬರು ಹೇಳಿದಾಗಿನಿಂದ ನಿದ್ದೆ ಬರುತ್ತಿಲ್ಲ. ದಯವಿಟ್ಟು ತಿಳಿಸಿ.

ಉತ್ತರ: ಆ ಮಾತು ನಿಜವಲ್ಲ. ಯಕೃತ್ತಿನಲ್ಲಿ ಸೇರಿಕೊಂಡ ಕೊಬ್ಬು ಉರಿಯೂತಕ್ಕೆ ಕಾರಣವಾಗಿ, ಉರಿಯೂತದಿಂದ ಕಲೆಗಟ್ಟಿ, ಕೊನೆಗೆ ಸಿರೋಸಿಸ್ (ಯಕೃತ್ತು ಪೂರ್ತಿ ಕಲೆಗಟ್ಟಿ ಗಡುಸಾಗುವ ಸ್ಥಿತಿ) ಆಗುವುದಕ್ಕೆ ಸಾಮಾನ್ಯವಾಗಿ ಹಲವು ವರ್ಷಗಳೇ ಬೇಕು; ಬಹಳಷ್ಟು ಜನರಲ್ಲಿ ಅದು ಆ ಹಂತವನ್ನು ಮುಟ್ಟುವುದೇ ಇಲ್ಲ. ಆಲ್ಕಲೈನ್ ಫಾಸ್ಫಟೇಸನ್ನು ಮಾಸು ಕೂಡ ಉತ್ಪಾದಿಸುವುದರಿಂದ ಕೊನೆಯ ತಿಂಗಳುಗಳಲ್ಲಿ ಅದು ಏರುವುದು ಸಹಜ. ಎಸ್‌ಜಿಪಿಟಿ ಮತ್ತು ಎಸ್‌ಜಿಒಟಿ ಎಂಬ ಯಕೃತ್ತಿನ ಕಿಣ್ವಗಳು ಹಾಗಲ್ಲ. ಅವು ಏರಿದರೆ ಬಸಿರಿನ ಲೆಕ್ಕಕ್ಕೆ ಹಾಕದೆ ಕಾರಣ ಹುಡುಕಲೇಬೇಕು.

ನೀವು ನಿಜವಾಗಿ ಗಮನಿಸಬೇಕಾದದ್ದು ಬೇರೆ. ಫ್ಯಾಟಿ ಲಿವರ್ ಇರುವವರಲ್ಲಿ ಗರ್ಭಾವಸ್ಥೆಯ ಮಧುಮೇಹ, ಏರಿದ ರಕ್ತದೊತ್ತಡ ಹಾಗೂ ಅವಧಿಗೆ ಮುನ್ನ ಹೆರಿಗೆಯ ಸಾಧ್ಯತೆ ಹೆಚ್ಚು. 24ರಿಂದ 28 ವಾರಗಳ ನಡುವಿನ ಸಕ್ಕರೆ ಪರೀಕ್ಷೆ ಆಗಿಲ್ಲದಿದ್ದರೆ ಕೂಡಲೇ ಮಾಡಿಸಿ, ಪ್ರತಿ ಭೇಟಿಯಲ್ಲೂ ರಕ್ತದೊತ್ತಡ ನೋಡಿಸಿ. ತೂಕ ಇಳಿಸಲೆಂದು ಈಗ ಉಪವಾಸ ಮಾಡಬೇಡಿ.

ಸಿರೋಸಿಸ್ ಈಗಾಗಲೇ ಇರುವವರ ಪರಿಸ್ಥಿತಿ ಮಾತ್ರ ಗಂಭೀರ. ಬಸಿರಿನಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಹೆಚ್ಚುವುದರಿಂದ, ಕಲೆಗಟ್ಟಿದ ಯಕೃತ್ತಿಗೆ ಬರುವ ರಕ್ತನಾಳದಲ್ಲಿ ಮೊದಲೇ ಇದ್ದ ಒತ್ತಡ ಇನ್ನಷ್ಟು ಏರಿ, ಅನ್ನನಾಳದಲ್ಲಿ ಉಬ್ಬಿಕೊಂಡ ರಕ್ತನಾಳಗಳು ಒಡೆಯುವ ಭಯವಿರುತ್ತದೆ. ಅಂಥವರು ಗರ್ಭ ಧರಿಸುವ ಮೊದಲೇ, ಇಲ್ಲವೇ ನಾಲ್ಕರಿಂದ ಆರನೇ ತಿಂಗಳೊಳಗೆ ಆ ರಕ್ತನಾಳಗಳನ್ನು ನೋಡಲು ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ಮಾಡುವ ಪರೀಕ್ಷೆ) ಮಾಡಿಸಬೇಕಾಗುತ್ತದೆ. ಸರಿಯಾದ ನಿಗಾ ಇದ್ದರೆ ಅವರಲ್ಲಿಯೂ ಅನೇಕರು ತಾಯಂದಿರಾಗುತ್ತಾರೆ. ನಿಮ್ಮ ಹಳೆಯ ವರದಿಗಳಲ್ಲಿ ಯಕೃತ್ತಿನ ಗಡಸುತನವನ್ನು ಅಳೆದ ಪರೀಕ್ಷೆಯಿದ್ದರೆ ವೈದ್ಯರಿಗೆ ತೋರಿಸಿ.

ಇನ್ನೊಂದು ವಿಷಯದಲ್ಲಿ ಹೆಸರೇ ಗೊಂದಲ ಹುಟ್ಟಿಸುತ್ತದೆ. ಗರ್ಭಾವಸ್ಥೆಯ ತೀವ್ರ ಫ್ಯಾಟಿ ಲಿವರ್ ಎಂಬುದು ಬಹು ಅಪರೂಪದ, ನಿಮ್ಮ ತೊಂದರೆಗಿಂತ ಪೂರ್ತಿ ಬೇರೆಯಾದ ಕಾಯಿಲೆ. ಅದು ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ ಹಠಾತ್ತನೆ ಬರುತ್ತದೆ, ಹೆರಿಗೆಯನ್ನು ತಡಮಾಡದೆ ಮಾಡಿಸುವುದೇ ಅದಕ್ಕೆ ಮುಖ್ಯ ಚಿಕಿತ್ಸೆ. ಬಿಡದ ವಾಂತಿ, ಹೊಟ್ಟೆಯ ಮೇಲ್ಭಾಗದ ನೋವು, ಕಣ್ಣು ಹಳದಿಯಾಗುವುದು, ವಿಪರೀತ ಬಾಯಾರಿಕೆ, ಮಂಕು ಕವಿಯುವುದು: ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.

ಹೆರಿಗೆಯ ನಂತರ ಮಗುವಿಗೆ ಎದೆಹಾಲು ಕುಡಿಸಲು ಫ್ಯಾಟಿ ಲಿವರ್ ಅಡ್ಡಿಯಲ್ಲ. ಕೆಲವು ತಿಂಗಳು ಕಳೆದ ಮೇಲೆ ಯಕೃತ್ತಿನ ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿಸಿ; ತೂಕದ ಮಾತನ್ನು ಆಗ ಎತ್ತಿಕೊಳ್ಳೋಣ.