ಮೇರಿಹಿಲ್‌ನ ಸ್ಟೋನ್‌ಹೆಂಜ್: ಸೂರ್ಯೋದಯಕ್ಕೆಂದೇ ಹೋಗಬೇಡಿ

ಜೂನ್‌ನಲ್ಲಿ ಅಮೆರಿಕಕ್ಕೆ ಹೊರಟಿರುವ ಓದುಗರೊಬ್ಬರು ಕೇಳಿದ್ದಾರೆ: ವಾಷಿಂಗ್ಟನ್ ರಾಜ್ಯದ ಮೇರಿಹಿಲ್‌ನಲ್ಲಿರುವ ಯುದ್ಧ ಸ್ಮಾರಕದಲ್ಲಿ, ಇಂಗ್ಲೆಂಡಿನ ಪುರಾತನ ಕಲ್ಲುವರ್ತುಲ ಸ್ಟೋನ್‌ಹೆಂಜ್‌ನಂತೆಯೇ, ವರ್ಷದ ಅತಿ ಉದ್ದದ ಹಗಲಾದ ಜೂನ್ 21ರ ಸೂರ್ಯ ಕಲ್ಲುಗಳ ನೇರ ಗೆರೆಗೆ ಹುಟ್ಟುತ್ತಾನೆಯೇ? ಕಾಂಕ್ರೀಟಿನ ನಕಲು ನೋಡಲು ಅಷ್ಟು ದೂರ ಹೋಗಬೇಕೇ?

ನೇರಕ್ಕೆ ಹುಟ್ಟುವುದಿಲ್ಲ. ಸ್ಮಾರಕದ ನಡುವಿನ ಬಲಿಪೀಠದ ಕಲ್ಲನ್ನು ಕೂರಿಸುವಾಗ ಖಗೋಳಶಾಸ್ತ್ರದ ದಿಗಂತವನ್ನು, ಅಂದರೆ ಬೆಟ್ಟಗುಡ್ಡ ಅಡ್ಡವಿಲ್ಲದ ಸಮತಟ್ಟು ದಿಗಂತವನ್ನು, ಲೆಕ್ಕಕ್ಕೆ ಹಿಡಿದರು. ಅಲ್ಲಿ ಕಣ್ಣಿಗೆ ಬೀಳುವುದು ಬೆಟ್ಟದ ಅಂಚು. ಸೂರ್ಯ ಏರುತ್ತ ಏರುತ್ತ ಬಲಕ್ಕೆ, ದಕ್ಷಿಣದ ಕಡೆಗೆ, ಸರಿಯುತ್ತಾನೆ. ಬೆಟ್ಟದ ಮೇಲೆ ಮುಖ ತೋರಿಸುವಷ್ಟರಲ್ಲಿ ಗೆರೆ ಬಿಟ್ಟಿರುತ್ತಾನೆ. ಇಂಗ್ಲೆಂಡಿನ ಕೋನವನ್ನೇ ಇಲ್ಲಿಗೆ ತಂದಿದ್ದರೂ ಹೊಂದುತ್ತಿರಲಿಲ್ಲ. ಅದು 51 ಡಿಗ್ರಿ ಅಕ್ಷಾಂಶ, ಇದು 46ರ ಹತ್ತಿರ. ಆ ದಿನ ಸೂರ್ಯ ಹುಟ್ಟುವ ದಿಕ್ಕೇ 4–5 ಡಿಗ್ರಿ ಬೇರೆ. ಅಲ್ಲದೆ ಸೂರ್ಯೋದಯ ಬೆಳಗಿನ ಐದೂಕಾಲರ ಸುಮಾರಿಗೆ, ಸ್ಮಾರಕ ತೆರೆಯುವ ವೇಳೆ 7 ಗಂಟೆ. ಸೂರ್ಯೋದಯ ನೋಡಲೇಬೇಕೆಂದರೆ ಸ್ಮಾರಕದ ಉಸ್ತುವಾರಿ ಹೊತ್ತಿರುವ ಮೇರಿಹಿಲ್ ಕಲಾ ಮ್ಯೂಸಿಯಂನವರನ್ನು ಮೊದಲೇ ಕೇಳಿಕೊಳ್ಳಿ.

ಎರಡನೆಯ ಪ್ರಶ್ನೆಗೆ ಉತ್ತರ: ಖಂಡಿತ ಹೋಗಿ, ಆದರೆ ಸಂಜೆ. ಸ್ಮಾರಕ ಕಟ್ಟಿಸಿದ ಸ್ಯಾಮ್ ಹಿಲ್, ಯುದ್ಧವನ್ನು ಒಪ್ಪದ ಕ್ರೈಸ್ತ ಪಂಥವಾದ ಕ್ವೇಕರ್ ಪಂಥದವರು. ಸ್ಟೋನ್‌ಹೆಂಜ್ ನರಬಲಿಯ ಜಾಗವೆಂದು ನಂಬಿದ್ದರು. ಯುದ್ಧದೇವತೆಗೆ ಮನುಷ್ಯ ಇಂದಿಗೂ ಬಲಿಯಾಗುತ್ತಿದ್ದಾನೆ ಎನ್ನುವುದು ಅವರ ಮಾತಿನ ತಾತ್ಪರ್ಯ. ನರಬಲಿಯ ಕತೆಯನ್ನು ಪುರಾತತ್ವಜ್ಞರು ಈಗ ಒಪ್ಪುವುದಿಲ್ಲ. ತಪ್ಪು ನಂಬಿಕೆಯಿಂದ ಹುಟ್ಟಿದ್ದರೂ ಸ್ಮಾರಕದ ಅರ್ಥ ಕೆಡಲಿಲ್ಲ ಎಂದೇ ನಮ್ಮ ಅಭಿಪ್ರಾಯ. 1918ರ ಜುಲೈ 4ರಂದು, ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಬಲಿಪೀಠ ಅರ್ಪಿಸಿದರು. ಪೂರ್ತಿ ಕಟ್ಟಡ ಮುಗಿದದ್ದು 1929ರಲ್ಲಿ.

ಇಂಗ್ಲೆಂಡಿನ ಮೂಲದಲ್ಲಿ ಎಷ್ಟೋ ಕಲ್ಲುಗಳು ಬಿದ್ದಿವೆ ಇಲ್ಲವೇ ಕಾಣೆಯಾಗಿವೆ, ಸಾಮಾನ್ಯ ದಿನಗಳಲ್ಲಿ ನಡುವೆ ಬಿಡುವುದೂ ಇಲ್ಲ. ಇಲ್ಲಿ 16 ಅಡಿಯ ಹೊರವರ್ತುಲ ಇಡಿಯಾಗಿದೆ, ಮುಟ್ಟಲೂಬಹುದು. ಕಂಬದ ಮೈ ಸವರಿ ನೋಡಿ: ಸೆಂಟ್ರಿಂಗ್‌ನ ಒಳಮೈಗೆ ಮುದುಡಿದ ತಗಡು ಹಾಸಿ ಕಾಂಕ್ರೀಟು ಸುರಿದದ್ದರಿಂದ ಆ ಸುಕ್ಕು. ನಡುಹಗಲ ಬಿಸಿಲಲ್ಲಿ ಅದು ಚಪ್ಪಟೆಯಾಗಿ ಕಾಣುತ್ತದೆ. ಬಿಸಿಲು ಓರೆಯಾದಾಗ ಒಂದೊಂದು ಮಡಿಕೆಯೂ ಎದ್ದು ಬರುತ್ತದೆ. ಕಂಬಗಳ ಮೇಲಿನ ಫಲಕಗಳನ್ನು ಓದದೆ ಬರಬೇಡಿ. ಮೇರಿಹಿಲ್ ಇರುವ ಕ್ಲಿಕಿಟಾಟ್ ಕೌಂಟಿಯಿಂದ (ಜಿಲ್ಲೆಯಿಂದ) ಆ ಯುದ್ಧಕ್ಕೆ ಹೋಗಿ ಮಡಿದ 14 ಮಂದಿಯ ಹೆಸರು ಅಲ್ಲಿವೆ.

ಪೋರ್ಟ್‌ಲ್ಯಾಂಡ್‌ನಿಂದ ಐ-84 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟು, 104ನೇ ಎಕ್ಸಿಟ್‌ನಲ್ಲಿ ಇಳಿದು ಕೊಲಂಬಿಯಾ ನದಿಯ ಸೇತುವೆ ದಾಟಿ. ಮೇಲೆ 14ನೇ ರಾಜ್ಯ ಹೆದ್ದಾರಿ ಸಿಕ್ಕಿದಾಗ ಪೂರ್ವಕ್ಕೆ ತಿರುಗಿ. ಪಶ್ಚಿಮಕ್ಕೆ ತಿರುಗಿದರೆ ಮ್ಯೂಸಿಯಂ ಸೇರುತ್ತೀರಿ. ಪ್ರವೇಶ ಉಚಿತ. ನೆರಳು ಕಂಬಗಳದ್ದು ಮಾತ್ರ, ನೀರು ಒಯ್ಯಿರಿ. ನದಿ ಕಣಿವೆಯ ಗಾಳಿ ಜೋರು, ಟೋಪಿಗೆ ದಾರ ಇರಲಿ. ಕೆಳಗಿನ ಇಳಿಜಾರಿನಲ್ಲಿ ಹಿಲ್ ಅವರ ಸಮಾಧಿಯಿದೆ, ಅದನ್ನೂ ನೋಡಿ ಬನ್ನಿ.