ಪದ ಗೊತ್ತು, ವಾಕ್ಯ ಬರಲ್ಲ

ಪ್ರಶ್ನೆ: ದಾವಣಗೆರೆಯ ಮಂಡಿಪೇಟೆಯಲ್ಲಿ ಸೀರೆ ಅಂಗಡಿಯ ಕೆಲಸ ನನ್ನದು, ಮೇಷ್ಟ್ರೇ. ಇಂಗ್ಲಿಷ್ ಪದಗಳು ಗೊತ್ತು, ವಾಕ್ಯ ಮಾಡಲು ಹೋದರೆ ತಡವರಿಸುತ್ತೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಪದ ಗೊತ್ತಿದೆ ಅಂದರೆ ಅರ್ಧ ಕೆಲಸ ಆಯ್ತಮ್ಮ. ಈಗ ಪದದ ಜಾಗ ಕಲಿಯಬೇಕು. 'ನಾನು ದೋಸೆ ತಿಂದೆ' ಅನ್ನುವಾಗ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ನಡುವೆ: 'ಐ ಏಟ್ ಎ ದೋಸೆ'.

'ಹುಡುಗ ನಾಯಿಯನ್ನು ನೋಡಿದ', 'ನಾಯಿಯನ್ನು ಹುಡುಗ ನೋಡಿದ' ಎರಡರ ಅರ್ಥವೂ ಒಂದೇ ಅಲ್ವಾ? 'ಅನ್ನು' ಪ್ರತ್ಯಯ ಅರ್ಥವನ್ನು ಕಾಯುತ್ತದೆ. ಇಂಗ್ಲಿಷ್ ನಾಮಪದಕ್ಕೆ ಆ ಪ್ರತ್ಯಯ ಇಲ್ಲ. 'ದ ಬಾಯ್ ಸಾ ದ ಡಾಗ್' ಎಂಬುದರಲ್ಲಿ ಬಾಯ್, ಡಾಗ್ ಜಾಗ ಬದಲಾದರೆ ನೋಡಿದ್ದು ನಾಯಿ!

ಇನ್ನೊಂದು ಮಾತು. 'ಇದು ರೇಷ್ಮೆ ಸೀರೆ' ಅಂದರೆ ನಮಗೆ ಸಾಕು. ಅಲ್ಲಿ 'ಇಸ್' ಬೇಕೇ ಬೇಕು: 'ದಿಸ್ ಇಸ್ ಎ ಸಿಲ್ಕ್ ಸ್ಯಾರಿ'. ಚಿತ್ರದುರ್ಗದ ಕಡೆ ಹಳ್ಳಿ ಶಾಲೆಯಲ್ಲಿ ಪಾಠ ಮಾಡುವಾಗ ನನ್ನ ಮಕ್ಕಳು ಜಾಸ್ತಿ ಬಿಡುತ್ತಿದ್ದುದು ಇದನ್ನೇ. ಕರಿಹಲಗೆಯಲ್ಲಿ 'ಇಸ್' ಜಾಗ ಖಾಲಿ ಬಿಟ್ಟು ಅವರ ಕೈಯಲ್ಲೇ ಬರೆಸುತ್ತಿದ್ದೆ.

ವ್ಯಾಕರಣದ ಪುಸ್ತಕ ಆಮೇಲೆ. ಗಿರಾಕಿಗೆ ದಿನಾ ಹೇಳುವ 5 ಮಾತು ಇಂಗ್ಲಿಷಿನಲ್ಲಿ ಬರೆದು ಕಳಿಸಿ, ತಿದ್ದಿಕೊಡುತ್ತೇನೆ.